ಹೊಳೆಯ ವಿದ್ಯೆಗೆ ದಾರಿಬುತ್ತಿ

ವಿದ್ಯಾರ್ಥಿವೇತನ ಎಂಬ ಮಾತಿನಲ್ಲಿ ಬರುವ ‘ವೇತನ’ವು ನಮಗೆ ಮೊದಲಿನಿಂದಲೂ ಸ್ವಲ್ಪ ವಿಚಿತ್ರವಾಗಿಯೇ ಕಂಡಿದೆ. ವೇತನವನ್ನು ಕೊಡುವುದು ಮಾಡಿದ ಕೆಲಸಕ್ಕೆ. ವಿದ್ಯಾರ್ಥಿಯಾದರೋ ಇನ್ನೂ ಕೆಲಸಕ್ಕೆ ಕೈಹಚ್ಚಿದವನಲ್ಲ. ಅವನು ಮುಂದೆ ಮಾಡಲಿರುವ ಕೆಲಸವನ್ನು ನಂಬಿ, ಬಿತ್ತನೆಯ ಬೀಜಕ್ಕೆ ಹಣ ಹಾಕುವ ಒಕ್ಕಲಿಗನಂತೆ, ಸಮಾಜವು ಮುಂಗಡವಾಗಿ ಕೊಡುವ ಹಣ ಅದು. ಆದ್ದರಿಂದ ಒಂದು ನಾಡು ಯಾವ ಯಾವ ವಿದ್ಯೆಗೆ ವೇತನವನ್ನು ಇಟ್ಟಿದೆ ಎಂಬುದನ್ನು ಪಟ್ಟಿ ಮಾಡಿದರೆ, ಆ ನಾಡು ಯಾವ ಬೆಳೆಯನ್ನು ನಿರೀಕ್ಷಿಸುತ್ತಿದೆ ಎಂಬುದು ತಾನಾಗಿ ತಿಳಿದೀತು.

ನಮ್ಮ ಸೀಮೆಯಲ್ಲಿ ಓದು ಎಂದರೆ ವೈದ್ಯ, ಎಂಜಿನಿಯರು, ಉಪಾಧ್ಯಾಯ, ಇಷ್ಟರಲ್ಲಿ ಮುಗಿದುಹೋಗುತ್ತದೆ. ಮೀನನ್ನೂ ಹಕ್ಕಿಯನ್ನೂ ಜಿಂಕೆಯನ್ನೂ ಓದುವುದು ಒಂದು ಓದು, ಅದಕ್ಕೂ ವಿಶ್ವವಿದ್ಯಾನಿಲಯಗಳಲ್ಲಿ ಪದವಿಯುಂಟು, ಅದಕ್ಕಾಗಿ ಸರ್ಕಾರವು ತಿಂಗಳು ತಿಂಗಳೂ ಹಣ ಕೊಡುತ್ತದೆ ಎಂದು ಹೇಳಿದರೆ ಕೇಳಿದವರು ನಮ್ಮ ಮುಖವನ್ನು ಒಮ್ಮೆ ನೋಡಿ ನಗುತ್ತಾರೆ. ನಗುವವರನ್ನು ದೂರುವಂತಿಲ್ಲ. ಬಲೆ ಬೀಸುವುದನ್ನು ಮಗನಿಗೆ ಅಪ್ಪ ಕಲಿಸುತ್ತಾನೆ; ಅದಕ್ಕೆ ಕಾಲೇಜು ಏಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವ ಹೊಣೆ ಕನ್ನಡ ಶಾಲೆಯ ಉಪಾಧ್ಯಾಯರಾದ ನಮ್ಮ ಮೇಲಿದೆಯೆಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ನೆಲವನ್ನೇ ನೋಡೋಣ. ಉತ್ತರಕ್ಕೆ ತುಂಗಭದ್ರೆ, ಪಡುವಣಕ್ಕೆ ಹಗರಿ. ನಡುವೆ ಹತ್ತಿ ಶೇಂಗಾ ಬೆಳೆಯುವ ಬಯಲು, ಅಲ್ಲಲ್ಲಿ ಗುಂಡುಕಲ್ಲಿನ ಬೆಟ್ಟ. ಆದವಾನಿ, ಆಲೂರು ತಾಲ್ಲೂಕುಗಳು ೧೯೫೩ನೆಯ ಅಕ್ಟೋಬರ್ ಒಂದರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅದೇ ವರ್ಷ ಹೊಸಪೇಟೆಯ ಬಳಿಯ ಅಣೆಕಟ್ಟಿನಲ್ಲಿ ನೀರು ನಿಂತಿತು. ಆಡಳಿತದ ಗಡಿಯನ್ನು ಕುರಿತು ನಮ್ಮ ಹಿರಿಯರು ಸಾಕಷ್ಟು ಬರೆದಿದ್ದಾರೆ. ನಿಂತ ನೀರು ಹೊಳೆಯ ಮೀನಿಗೆ ಹಾಕಿದ ಗಡಿಯನ್ನು ಕುರಿತು ನಮ್ಮಲ್ಲಿ ಬರೆದವರು ವಿರಳ. ಹೊಸ ನೀರು ಬಂದಾಗ ಮೇಲಕ್ಕೆ ಈಜಿ ಹೋಗಿ ಮೊಟ್ಟೆಯಿಡುವ ಮೀನುಗಳಿಗೆ ಅಣೆಕಟ್ಟು ಒಂದು ಗೋಡೆ. ಆ ಗೋಡೆಯ ಕೆಳಗೆ ಇರುವವರು ನಾವು. ೨೦೨೪ರ ಆಗಸ್ಟಿನಲ್ಲಿ ಆ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಎಷ್ಟು ನೀರು ಹರಿದು ಹೋಯಿತೆಂಬ ಲೆಕ್ಕವನ್ನು ಪತ್ರಿಕೆಗಳಲ್ಲಿ ದಿನವೂ ಓದಿದೆವು. ಆ ನೀರಿನೊಡನೆ ಹೋದ ಮೀನಿನ ಲೆಕ್ಕ ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ. ಲೆಕ್ಕ ಹಾಕಬಲ್ಲವರನ್ನು ತಯಾರುಮಾಡದೆ ಲೆಕ್ಕವನ್ನು ಕೇಳುವುದು ಹೇಗೆ?

ಹೊಳೆಯ ಮಾತು ಹೀಗಾದರೆ ಬಯಲಿನ ಮಾತು ಇನ್ನೂ ಕಠಿಣ. ಎರೆಭೂತವೆಂದು ಕನ್ನಡದಲ್ಲಿಯೂ ಬಟ್ಟಮೇಕ ಪಿಟ್ಟವೆಂದು ತೆಲುಗಿನಲ್ಲಿಯೂ ಕರೆಸಿಕೊಳ್ಳುವ ದೊಡ್ಡ ಹಕ್ಕಿಯೊಂದಿದೆ. ಗಂಡುಹಕ್ಕಿ ಹದಿನೈದು ಕಿಲೋ ತೂಗುವುದೂ ಉಂಟು. ಹಾರುವ ಹಕ್ಕಿಗಳಲ್ಲಿ ಅಷ್ಟು ಭಾರದವು ಜಗತ್ತಿನಲ್ಲಿಯೇ ಕೆಲವು ಮಾತ್ರ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದೂ ಬರಿಯ ನೆಲದ ಮೇಲೆ, ಇಡುತ್ತದೆ. ಈ ಹಕ್ಕಿಯ ರಕ್ಷಣೆಗೆಂದು ಕರ್ನೂಲು ಜಿಲ್ಲೆಯ ರೊಳ್ಳಪಾಡಿನಲ್ಲಿ ೧೯೮೮ರಲ್ಲಿ ಅಭಯಾರಣ್ಯವೊಂದು ಏರ್ಪಟ್ಟಿತು. ಅದರ ವಿಸ್ತಾರ ಆರು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ೨೦೨೨ರ ವಿಭಜನೆಯ ಬಳಿಕ ಅದು ನಂದ್ಯಾಲ ಜಿಲ್ಲೆಗೆ ಸೇರಿದೆ. ಸುತ್ತಲಿನ ಹೊಲಗಳಿಗೆ ನೀರಾವರಿ ಬಂತು, ಬೆಳೆ ಬದಲಾಯಿತು, ಹುಲ್ಲು ಕಡಮೆಯಾಯಿತು. ಹೆಸರಿಗೆ ಕಾರಣವಾದ ಹಕ್ಕಿ ಈಗ ಅಲ್ಲಿ ಕಾಣಸಿಗುವುದೇ ದುರ್ಲಭ. ದೇಶದಲ್ಲೆಲ್ಲ ಸೇರಿ ಸುಮಾರು ನೂರೈವತ್ತು ಉಳಿದಿವೆಯೆಂಬುದು ತಿಳಿದವರ ಅಂದಾಜು. ಕರ್ನಾಟಕದಲ್ಲಿ ಉಳಿದ ಬೆರಳೆಣಿಕೆಯ ಹಕ್ಕಿಗಳು ಕಾಣುವುದು ಸಿರುಗುಪ್ಪ ತಾಲ್ಲೂಕಿನ ಎರೆಭೂಮಿಯಲ್ಲಿ. ಅರ್ಥಾತ್, ನಮ್ಮ ಹೊಳಗುಂದ, ಕೌತಾಳ ಸೀಮೆಗೆ ತಾಗಿದ ನೆರೆಯಲ್ಲಿಯೇ.

ರೊಳ್ಳಪಾಡಿನ ಹಕ್ಕಿಯ ಬಗ್ಗೆ ಇಂದು ನಾವು ಇಷ್ಟನ್ನಾದರೂ ಹೇಳಬಲ್ಲೆವಾದರೆ ಅದಕ್ಕೆ ವಿದ್ಯಾರ್ಥಿವೇತನವೇ ಕಾರಣ. ೧೯೮೦ರ ದಶಕದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಸದ್ ರಹಮಾನಿಯವರ ನೇತೃತ್ವದಲ್ಲಿ ಈ ಹಕ್ಕಿಯ ಅಧ್ಯಯನವನ್ನು ಕೈಗೊಂಡಾಗ, ಸಂಶೋಧನವೇತನದ ಮೇಲೆ ಬಂದ ತರುಣರು ರೊಳ್ಳಪಾಡಿನ ಬಯಲಿನಲ್ಲಿ ಮಳೆ ಬಿಸಿಲೆನ್ನದೆ ಕುಳಿತು ಹಕ್ಕಿಯ ದಿನಚರಿಯನ್ನು ಬರೆದರು. ಅದೇ ಸಂಸ್ಥೆಯ ಇನ್ನೊಬ್ಬ ತರುಣ ಭರತ್ ಭೂಷಣರು ಕಡಪ ಜಿಲ್ಲೆಯಲ್ಲಿ ಹುಡುಕಿದ್ದು ಕಲಿವಿಕೋಡಿಯನ್ನು. ಜರ್ಡನ್ ಎಂಬ ವೈದ್ಯನು ೧೮೪೮ರಲ್ಲಿ ಲೋಕಕ್ಕೆ ತಿಳಿಸಿದ ಈ ರಾತ್ರಿಸಂಚಾರಿ ಹಕ್ಕಿ ೧೯೦೦ರ ಬಳಿಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಶವಾಯಿತೆಂದೇ ಪಂಡಿತರು ತೀರ್ಮಾನಿಸಿದ್ದರು. ಭೂಷಣರು ಹಕ್ಕಿಯ ಚಿತ್ರವನ್ನು ಹಿಡಿದು ಹಳ್ಳಿ ಹಳ್ಳಿಗಳಲ್ಲಿ ವಿಚಾರಿಸಿದರು. ಕಡೆಗೆ ೧೯೮೬ರ ಜನವರಿಯಲ್ಲಿ ರೆಡ್ಡಿಪಲ್ಲಿಯ ಬಳಿ ಅದನ್ನು ರಾತ್ರಿಯಲ್ಲಿ ಹಿಡಿದು ತಂದುಕೊಟ್ಟವನು ಹಕ್ಕಿ ಹಿಡಿಯುವುದರಲ್ಲಿ ಪಳಗಿದ ಒಬ್ಬ ಹಳ್ಳಿಗ. ಎಂಬತ್ತಾರು ವರ್ಷ ವಿದ್ವಾಂಸರ ಪಾಲಿಗೆ ಸತ್ತಿದ್ದ ಹಕ್ಕಿ ಹಳ್ಳಿಯವರ ಪಾಲಿಗೆ ಜೀವಂತವಾಗಿತ್ತು. ವಿದ್ವಾಂಸನ ಪುಸ್ತಕವೂ ಹಳ್ಳಿಗನ ಕಣ್ಣೂ ಒಂದೇ ಮನುಷ್ಯನಲ್ಲಿ ಕೂಡಿದ್ದರೆ ಅಷ್ಟು ಕಾಲ ಕಾಯಬೇಕಾಗುತ್ತಿತ್ತೆ ಎಂದು ನಾವು ಮಕ್ಕಳನ್ನು ಕೇಳುವುದುಂಟು.

ಮೀನಿನ ಶಾಸ್ತ್ರದಲ್ಲಿ ಇದಕ್ಕೆ ಇನ್ನೂ ಹಳೆಯ ನಿದರ್ಶನವಿದೆ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ಸಂಚರಿಸಿ ಬರೆದ ಫ್ರಾನ್ಸಿಸ್ ಬುಕಾನನ್ ನಮ್ಮ ಇತಿಹಾಸದ ಪಾಠಗಳಲ್ಲಿ ಬರುವವನೇ. ಅವನು ೧೮೨೨ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದಾಗ ಕಟ್ಲ, ರೋಹಿತ, ಮೃಗಾಲ, ಕಲ್ಬಸು ಎಂದು ಬೆಸ್ತರ ಬಾಯಿಯ ಹೆಸರುಗಳನ್ನೇ ಶಾಸ್ತ್ರದ ಹೆಸರುಗಳನ್ನಾಗಿ ಮಾಡಿದ. ಇಂದಿಗೂ ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿ ಆ ಹೆಸರುಗಳೇ ನಡೆಯುತ್ತವೆ. ನಮ್ಮ ಬಾಳೆಮೀನು ತೆಲುಗಿನಲ್ಲಿ ವಾಲುಗ. ಶಾಸ್ತ್ರದಲ್ಲಿ ಅದು ವಾಲಾಗೋ. ಯಾರೋ ಒಬ್ಬರು ದಂಡೆಗೆ ಬಂದು ‘ಇದರ ಹೆಸರೇನು?’ ಎಂದು ಕೇಳಿದ್ದರ ಫಲ ಇದು. ನಮ್ಮ ಕೆರೆಗಳಿಗೆ ಇಂದು ಬಿಡುವ ಕಟ್ಲ, ರೋಹು ಮರಿಗಳು ಮೂಲತಃ ಗಂಗೆಯ ಮೀನುಗಳು. ತುಂಗಭದ್ರೆಯ ಸ್ವಂತದ ಗೆಂಡೆ, ಕೊರವ, ಹಾವುಮೀನುಗಳು ಎಷ್ಟಿದ್ದವು, ಎಷ್ಟು ಉಳಿದಿವೆ ಎಂಬುದನ್ನು ದಂಡೆಯಲ್ಲಿ ಹುಟ್ಟಿದವರು ಓದಿ ಬರೆಯುವ ಕಾಲ ಬರಬೇಕಾಗಿದೆ.

ವನ್ಯಜೀವಿಗಳ ಓದಿಗೆ ವೇತನವೆಂಬುದು ಬೇರೆ ದೇಶಗಳಲ್ಲಿ ಹುಟ್ಟಿದ್ದೂ ಇಂಥದೇ ಬರಗಾಲದಲ್ಲಿ. ೧೯೩೦ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಮಣ್ಣು ಧೂಳಾಗಿ ಹಾರಿ, ಕೆರೆಗಳು ಒಣಗಿ, ಬಾತುಕೋಳಿಗಳು ಕ್ಷೀಣಿಸಿದವು. ಆಗ ಡಾರ್ಲಿಂಗ್ ಎಂಬ ವ್ಯಂಗ್ಯಚಿತ್ರಕಾರನನ್ನು ಸರ್ಕಾರವು ಪ್ರಾಣಿಪಕ್ಷಿಗಳ ಇಲಾಖೆಯ ಮುಖ್ಯಸ್ಥನನ್ನಾಗಿ ಮಾಡಿತು. ಬೇಟೆಗಾರರು ಕಡ್ಡಾಯವಾಗಿ ಕೊಳ್ಳಬೇಕಾದ ‘ಬಾತುಕೋಳಿ ಚೀಟಿ’ ೧೯೩೪ರಲ್ಲಿ ಬಂತು. ಅದರ ಹಣ ಕೆರೆ ಜೌಗುಗಳ ರಕ್ಷಣೆಗೆ ಹೋಯಿತು. ೧೯೩೫ರಲ್ಲಿ ಕೃಷಿ ಕಾಲೇಜುಗಳಲ್ಲಿ ವನ್ಯಜೀವಿ ಸಂಶೋಧನೆಯ ಘಟಕಗಳು ತೆರೆದವು. ಚಿತ್ರ ಬರೆಯುವವನಿಗೆ ಹೊಳೆದ ಮಾತು ಇಷ್ಟೆ: ಹಕ್ಕಿಯನ್ನು ಕಾಯಬೇಕಾದರೆ ಮೊದಲು ಹಕ್ಕಿಯನ್ನು ಬಲ್ಲ ತರುಣರನ್ನು ಸಾಕಬೇಕು.

ನಮ್ಮ ದೇಶದಲ್ಲಿ ಈ ಮಾತು ತಡವಾಗಿಯಾದರೂ ನೆಲೆಯೂರಿತು. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ೧೯೮೨ರಲ್ಲಿ ಆರಂಭವಾಯಿತು. ನಮ್ಮ ಭಾಷೆಯ ಶಿವರಾಮ ಕಾರಂತರ ಪುತ್ರ ಉಲ್ಲಾಸ ಕಾರಂತರು ಮೊದಲು ಎಂಜಿನಿಯರಾಗಿದ್ದು, ಬಳಿಕ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ೧೯೮೮ರಲ್ಲಿ ವನ್ಯಜೀವಿ ಪರಿಸರಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೂ, ೧೯೯೩ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದು ಹುಲಿಯ ಎಣಿಕೆಗೆ ಹೊಸ ದಾರಿಯನ್ನು ತೋರಿಸಿದರು. ಬೆಂಗಳೂರಿನಲ್ಲಿ ವನ್ಯಜೀವಿಶಾಸ್ತ್ರದ ಎಂ.ಎಸ್‌ಸಿ. ತರಗತಿಗಳು ನಡೆಯುವಂತಾದುದರಲ್ಲಿ ಅವರ ಶ್ರಮವಿದೆ. ಮೀನಿಗಾದರೋ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ; ೧೯೬೯ರಲ್ಲಿ ಸ್ಥಾಪಿತವಾದ ಅದು ದೇಶದಲ್ಲಿ ಆ ಬಗೆಯ ಮೊದಲ ಕಾಲೇಜು. ಆಂಧ್ರದಲ್ಲಿ ನೆಲ್ಲೂರಿನ ಬಳಿ ಮುತ್ತುಕೂರಿನಲ್ಲಿ ಅಂಥದೇ ಕಾಲೇಜುಂಟು.

ಇನ್ನು ಹಣದ ಮಾತು. ಪದವಿ ತರಗತಿಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರಗಳನ್ನು ಓದುವವರಿಗೆ ಕೇಂದ್ರ ಸರ್ಕಾರವು ೨೦೦೮ರಲ್ಲಿ ಆರಂಭಿಸಿದ ‘ಇನ್‌ಸ್ಪೈರ್’ ಯೋಜನೆಯಿದೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಲಿಯ ಮೊದಲ ನೂರರಲ್ಲಿ ಒಬ್ಬರೊಳಗೆ ಬಂದವರಿಗೆ ವರ್ಷಕ್ಕೆ ೮೦,೦೦೦ ರೂಪಾಯಿ. ಅದರಲ್ಲಿ ೬೦,೦೦೦ ಕೈಗೆ, ೨೦,೦೦೦ ಬೇಸಿಗೆಯ ಸಂಶೋಧನೆಗೆ. ಮೀನುಗಾರಿಕಾ ವಿಜ್ಞಾನವು ವೃತ್ತಿಶಿಕ್ಷಣವಾದ್ದರಿಂದ ಈ ಯೋಜನೆಗೆ ಒಳಪಡದು. ಅದಕ್ಕೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ ಉಂಟು. ಸ್ನಾತಕೋತ್ತರ ಪದವಿಯಾದ ಮೇಲೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಗೆದ್ದವರಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಗಳ ಸಂಶೋಧನವೇತನ ನಿಗದಿಯಾಗಿದೆ. ಹಕ್ಕಿ ನೋಡುವುದಕ್ಕೆ ಇಷ್ಟು ಹಣವೇ ಎಂದು ನಮ್ಮ ಕಿರಾಣಿ ಅಂಗಡಿಯವರು ಬೆರಗಾದದ್ದುಂಟು.

ಪರಿಷತ್ತಿನ ಆ ಪ್ರತಿಭಾ ವೇತನಕ್ಕೆ ಒಂದು ನಿಯಮವಿದೆ. ಅದನ್ನು ನಮ್ಮ ವಾಚಕರು ಎರಡು ಸಲ ಓದಬೇಕು. ಪರಿಷತ್ತಿನ ಪ್ರವೇಶದ ಮೂಲಕ ಸ್ವಂತ ರಾಜ್ಯವನ್ನು ಬಿಟ್ಟು ಬೇರೆ ರಾಜ್ಯದ ಕಾಲೇಜಿಗೆ ಸೇರಿದವರಿಗೆ ಮಾತ್ರ ಅದು ಸಲ್ಲುತ್ತದೆ. ಆದವಾನಿಯ ವಿದ್ಯಾರ್ಥಿ ಮುತ್ತುಕೂರಿಗೆ ಹೋದರೆ ಇಲ್ಲ. ಮಂಗಳೂರಿಗೆ ಹೋದರೆ ಉಂಟು. ಎಪ್ಪತ್ತು ವರ್ಷಗಳಿಂದ ಪಠ್ಯಪುಸ್ತಕಕ್ಕೂ ಉಪಾಧ್ಯಾಯರ ನೇಮಕಕ್ಕೂ ನಮಗೆ ತೊಡಕಾಗಿಯೇ ಬಂದ ಗಡಿ, ಈ ಒಂದು ಕಡೆಯಲ್ಲಿ ನಮ್ಮ ಅರ್ಹತೆಯಾಗಿ ನಿಂತಿದೆ. ಗಡಿನಾಡಿನ ಕನ್ನಡ ಮಗುವಿಗೆ ಬೇರೆ ರಾಜ್ಯವೆಂದರೆ ಬೇರೆ ಭಾಷೆಯಲ್ಲ. ಮಂಗಳೂರಿನ ಹಾಸ್ಟೆಲಿನಲ್ಲಿ ಅದು ತಾಯಿನುಡಿಯಲ್ಲಿಯೇ ಅನ್ನ ಕೇಳಬಹುದು. ಪ್ರವೇಶ ಪರೀಕ್ಷೆಯ ಭಯವೂ ಹಿಂದಿನಷ್ಟಿಲ್ಲ. ೨೦೨೨ರಲ್ಲಿ ಆರಂಭವಾದ ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಕನ್ನಡವೂ ಸೇರಿದಂತೆ ಹದಿಮೂರು ಭಾಷೆಗಳಲ್ಲಿ ನಡೆಯುತ್ತದೆ. ೨೦೨೩ರಿಂದ ಪರಿಷತ್ತಿನ ಪದವಿ ಪ್ರವೇಶವೂ ಅದರ ಮೂಲಕವೇ.

ಆದರೆ ಗಡಿ ಒಂದು ಕೈಯಲ್ಲಿ ಕೊಟ್ಟುದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದನ್ನೂ ಹೇಳಬೇಕು. ನಮ್ಮ ತರಗತಿಗಳಲ್ಲಿ ಕುಳಿತಿರುವ ಬೋಯ, ವಾಲ್ಮೀಕಿ ಮಕ್ಕಳು ಆಂಧ್ರದ ಬಯಲುಸೀಮೆಯಲ್ಲಿ ಹಿಂದುಳಿದ ವರ್ಗ. ಅವರ ಸೋದರತ್ತೆಯ ಮಕ್ಕಳು ಸಿರುಗುಪ್ಪದಲ್ಲಿ ಪರಿಶಿಷ್ಟ ಪಂಗಡ. ಲಂಬಾಡಿ ಮಕ್ಕಳು ಇಲ್ಲಿ ಪರಿಶಿಷ್ಟ ಪಂಗಡ, ಅಲ್ಲಿ ಪರಿಶಿಷ್ಟ ಜಾತಿ. ೨೦೨೩ರ ಮಾರ್ಚಿಯಲ್ಲಿ ಆಂಧ್ರದ ವಿಧಾನಸಭೆ ಬೋಯ ವಾಲ್ಮೀಕಿಗಳನ್ನು ಪಂಗಡಕ್ಕೆ ಸೇರಿಸಬೇಕೆಂದು ಕೇಂದ್ರಕ್ಕೆ ನಿರ್ಣಯವನ್ನು ಕಳುಹಿಸಿತು, ನಿರ್ಣಯವೇ ಆದೇಶವಲ್ಲ. ಪ್ರಮಾಣಪತ್ರ ಹುಟ್ಟಿದ ರಾಜ್ಯದ್ದೇ ಆಗಬೇಕು, ಅರ್ಜಿಯಲ್ಲಿ ಬರೆಯುವ ವರ್ಗ ಅದರಲ್ಲಿ ಇರುವಂತೆಯೇ ಇರಬೇಕು. ನೆಂಟರ ಮಕ್ಕಳನ್ನು ನೋಡಿ ಬರೆದರೆ ಅರ್ಜಿ ತಿರಸ್ಕೃತವಾಗುತ್ತದೆ. ಈ ಒಂದು ವಿವರವನ್ನು ಹೇಳಿಕೊಟ್ಟರೆ ಉಪಾಧ್ಯಾಯನು ಒಂದು ವರ್ಷದ ಪಾಠಕ್ಕಿಂತ ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ.

ಈ ಎಲ್ಲ ಲೆಕ್ಕವನ್ನು ಹೊಳೆದಂಡೆಯ ಹಳ್ಳಿಯೊಂದರ ಬೆಸ್ತರ ಮನೆಯ ಜಗುಲಿಯಲ್ಲಿ ಕುಳಿತು ಹೇಳುವ ಪ್ರಸಂಗ ನಮಗೆ ಒದಗಿತು. ಹತ್ತರವರೆಗೆ ಕನ್ನಡದಲ್ಲಿಯೇ ಓದಿ, ಇಂಟರ್‌ಮೀಡಿಯೆಟ್ಟಿನಲ್ಲಿ ಜೀವಶಾಸ್ತ್ರವನ್ನು ತೆಗೆದುಕೊಂಡಿದ್ದ ಮಗಳು ಮೀನಿನ ವಿಜ್ಞಾನವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಳು. ತಂದೆ ಬಲೆಯ ಹರಕನ್ನು ಹೆಣೆಯುತ್ತ ಕೇಳುತ್ತಿದ್ದ.

“ಮೀನು ಓದಾಕ ಮಂಗ್ಳೂರು ತನಕ ಯಾಕ್ರೀ ಸಾರ್? ನಮ್ಮ ಹೊಳಿ ಇಲ್ಲೇ ಐತಲ್ಲ,” ಎಂದ.

ಹೊಳೆ ಇಲ್ಲೇ ಇದೆ, ಹೊಳೆಯನ್ನು ಅಳೆಯುವ ಉಪಕರಣ ಅಲ್ಲಿದೆ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪ ಹಿಡಿತಿದ್ದ ಮೀನಿನಾಗ ಅರ್ಧ ಜಾತಿ ಈಗ ನನ್ನ ಬಲೀಗೆ ಬೀಳಂಗಿಲ್ಲ. ಯಾಕಂತ ಇಕಿ ಓದ್ಕೊಂಡು ಬಂದು ಹೇಳ್ತಾಳೇನ್ರಿ?” ಎಂದ.

ಹೇಳಬಹುದು, ಹೇಳದಿರಲೂಬಹುದು ಎಂದೆವು. ಒಂದು ಪದವಿಯಿಂದ ಹೊಳೆ ಸರಿಹೋಗುವುದೆಂದು ಅವನಿಗೆ ಮಾತು ಕೊಡುವ ಧೈರ್ಯ ನಮಗಿರಲಿಲ್ಲ. ಆದರೆ ಅವನ ಪ್ರಶ್ನೆಯೇ ಸಂಶೋಧನೆಯ ಮೊದಲ ವಾಕ್ಯ ಎಂಬುದನ್ನು ಅವನಿಗೆ ತಿಳಿಸಿದೆವು. ಯಾವ ಮೀನು, ಯಾವ ಮಡುವಿನಲ್ಲಿ, ಯಾವ ನಕ್ಷತ್ರದ ಮಳೆಗೆ ಸಿಕ್ಕುತ್ತಿತ್ತು ಎಂಬುದನ್ನು ಅವನಿಂದ ಕೇಳಿ ಬರೆದುಕೊಳ್ಳಲು ಮಗಳಿಗೆ ಹೇಳಿದೆವು. ಅಂದಿನಿಂದ ಅವಳು ನೋಟುಪುಸ್ತಕವೊಂದನ್ನು ಇಟ್ಟಿದ್ದಾಳೆ; ಎಡಗಡೆ ಕನ್ನಡದ ಹೆಸರು, ಬಲಗಡೆ ತೆಲುಗಿನ ಹೆಸರು, ಮೂರನೆಯ ಸಾಲು ಖಾಲಿ. ಆ ಸಾಲು ಶಾಸ್ತ್ರದ ಹೆಸರಿಗೆ. ಬಾಳೆಮೀನಿನ ಎದುರಿಗೆ ಮಾತ್ರ ಸದ್ಯಕ್ಕೆ ಅದು ತುಂಬಿದೆ.

ತಂದೆ ಒಪ್ಪಿದ. ಒಪ್ಪಿದ ಮೇಲೆ ಅವನು ಕೇಳಿದ ಪ್ರಶ್ನೆಯೇ ಈ ಲೇಖನದ ತಿರುಳು. “ದುಡ್ಡು ಯಾವಾಗ ಬರ್ತೈತ್ರಿ?”

ಇಲ್ಲಿಯೇ ನಮ್ಮ ಎಲ್ಲ ವೇತನಗಳೂ ಮುಗ್ಗರಿಸುವುದು. ವೇತನ ಬರುವುದು ಸೇರಿದ ಮೇಲೆ. ಸೇರುವುದಕ್ಕೆ ಹಣ ಬೇಕಾದದ್ದು ಅದಕ್ಕಿಂತ ಮೊದಲು. ಪರೀಕ್ಷೆಯ ಶುಲ್ಕ, ಪ್ರಮಾಣಪತ್ರಗಳಿಗಾಗಿ ಓಡಾಟ, ಪ್ರವೇಶದ ದಿನ ಕಟ್ಟಬೇಕಾದ ಮೊದಲ ಕಂತು, ಹಾಸ್ಟೆಲಿನ ಠೇವಣಿ, ಎರಡು ಗಾಡಿ ಬದಲಿಸಿ ಹೋಗುವ ರೈಲಿನ ಖರ್ಚು, ಒಂದು ಹಾಸಿಗೆ, ಒಂದು ಪೆಟ್ಟಿಗೆ. ವೇತನದ ಮೊದಲ ಹಣ ಕೈಸೇರುವಷ್ಟರಲ್ಲಿ ಆರೇಳು ತಿಂಗಳು ಕಳೆದುಹೋಗುವುದನ್ನು ನಾವು ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮದೇ ಶಾಲೆಯಲ್ಲಿ ಓದಿದ ಹುಡುಗನೊಬ್ಬನಿಗೆ ದೂರದ ಕಾಲೇಜಿನಲ್ಲಿ ಸ್ಥಾನ ದೊರಕಿತ್ತು. ಅಂಕ ಇತ್ತು, ಅರ್ಹತೆ ಇತ್ತು. ಗಡುವಿನೊಳಗೆ ಕಟ್ಟಬೇಕಾದ ಮೊದಲ ಕಂತು ಇರಲಿಲ್ಲ. ನಮ್ಮ ಕಿವಿಗೆ ವಿಷಯ ಬೀಳುವ ಹೊತ್ತಿಗೆ ಗಡುವು ಮೀರಿ, ಅವನು ಮನೆಯವರೊಡನೆ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗಿದ್ದ. ಗುಳೆಯೆಂದರೇನೆಂದು ಕೋಸಿಗಿ, ಕೌತಾಳದ ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ. ಪ್ರತಿವರ್ಷವೂ ತರಗತಿಯ ಬೆಂಚುಗಳು ಅದನ್ನು ಹೇಳುತ್ತವೆ. ಹುಡುಗ ಮತ್ತೆ ಓದಿಗೆ ಮರಳಲಿಲ್ಲ. ದೊಡ್ಡ ವೇತನವೊಂದು ಅವನಿಗಾಗಿ ಕಾದಿತ್ತು. ಅದರ ಬಾಗಿಲವರೆಗೆ ಹೋಗುವ ಬುತ್ತಿ ಕಟ್ಟಿಕೊಡುವವರು ಮಾತ್ರ ಇರಲಿಲ್ಲ.

ಹಿಂದೆ ದೂರದ ಪ್ರಯಾಣಕ್ಕೆ ಹೊರಟವರಿಗೆ ಊರವರು ಬುತ್ತಿ ಕಟ್ಟುತ್ತಿದ್ದರು. ಬುತ್ತಿ ದಾನವಲ್ಲ, ವೇತನವೂ ಅಲ್ಲ. ಮುಂದಿನ ಛತ್ರದವರೆಗೆ ಸಾಕಾಗುವಷ್ಟು ರೊಟ್ಟಿ, ಅಷ್ಟೆ. ವೇತನ ಕೊಡುವ ಶಕ್ತಿ ನಮ್ಮಂಥ ಸಣ್ಣ ಸಂಘಕ್ಕಿಲ್ಲ, ಅದರ ಅಗತ್ಯವೂ ಇಲ್ಲ. ಸರ್ಕಾರದ್ದು ಇದ್ದೇ ಇದೆ. ಆದರೆ ಬುತ್ತಿ ಕಟ್ಟುವ ಶಕ್ತಿ ಉಂಟು. ನಮ್ಮ ಉಪಾಧ್ಯಾಯ ಬಂಧುಗಳು ವರ್ಷಕ್ಕೆ ಒಂದು ದಿನದ ಸಂಬಳವನ್ನು ಒಂದು ಕಡೆ ಕೂಡಿಟ್ಟರೆ, ಪ್ರವೇಶದ ತಿಂಗಳುಗಳಲ್ಲಿ ಇಬ್ಬರು ಮೂವರು ಮಕ್ಕಳ ಮೊದಲ ಕಂತು ಅದರಿಂದ ನಡೆಯುತ್ತದೆ. ವೇತನ ಕೈಸೇರಿದಾಗ ಮಗು ಅದನ್ನು ಹಿಂದಕ್ಕೆ ತುಂಬಲಿ; ಮರುವರ್ಷ ಅದೇ ಹಣ ಇನ್ನೊಬ್ಬರ ಬುತ್ತಿಯಾಗುತ್ತದೆ. ಮೀನು, ಹಕ್ಕಿ, ಪ್ರಾಣಿಗಳ ಓದಿಗೆ ಹೊರಟವರಿಗೆ ಇದರಲ್ಲಿ ಮೊದಲ ಪಂಕ್ತಿ ದೊರೆಯಲಿ ಎಂಬುದು ನಮ್ಮ ಆಸೆ. ವೈದ್ಯನಾಗಲು ಹೊರಟ ಮಗುವಿಗೆ ಸಾಲ ಕೊಡುವವರು ಊರಲ್ಲಿ ನಾಲ್ವರು ಸಿಕ್ಕಾರು. ಮೀನು ಓದಲು ಹೊರಟವಳಿಗೆ ಒಬ್ಬನೂ ಸಿಕ್ಕುವುದಿಲ್ಲ.

ಇದರೊಡನೆ ಹಣವಿಲ್ಲದೆ ನಡೆಯುವ ಎರಡು ಕೆಲಸಗಳೂ ಇವೆ. ಪ್ರತಿಯೊಂದು ಕನ್ನಡ ಪ್ರೌಢಶಾಲೆಯ ಸೂಚನಾಫಲಕದಲ್ಲಿ ಈ ವೇತನಗಳ ಹೆಸರು, ಅರ್ಹತೆ, ಅರ್ಜಿಯ ಕಡೆಯ ದಿನಾಂಕಗಳನ್ನು ಕನ್ನಡದಲ್ಲಿ ಬರೆದು ಹಾಕುವುದು ಒಂದು. ಪ್ರತಿಯೊಂದು ಶಾಲೆಯ ಮಕ್ಕಳೂ ತಮ್ಮ ಊರಿನ ಹೊಳೆ, ಹಳ್ಳ, ಕೆರೆ, ಹೊಲಗಳ ಜೀವಿಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಆ ಹುಡುಗಿಯಂತೆ ಮೂರು ಸಾಲುಗಳಲ್ಲಿ ಬರೆದಿಡುವುದು ಇನ್ನೊಂದು. ಬೆಳೆ ತಿನ್ನುವ ಜಿಂಕೆಯನ್ನು ಬೈಯುವ ರೈತನ ಮಾತನ್ನೂ ಅದರಲ್ಲಿ ಬರೆಯಲಿ. ಎಷ್ಟು ಬಂದವು, ಯಾವ ಹೊತ್ತಿಗೆ ಬಂದವು, ಯಾವ ಪೈರನ್ನು ಮುಟ್ಟಿದವು ಎಂಬುದೂ ಶಾಸ್ತ್ರವೇ.

ಮಂಗಳೂರಿನ ಪ್ರವೇಶಕ್ಕೆ ಆ ಹುಡುಗಿಯ ಅರ್ಜಿ ಹೋಗಿದೆ. ಪರೀಕ್ಷೆಗೆ ಇನ್ನೂ ಎರಡು ತಿಂಗಳುಂಟು. ಬುತ್ತಿಯ ಪೆಟ್ಟಿಗೆಯನ್ನು ಸಂಘದ ಮುಂದಿನ ಸಭೆಯಲ್ಲಿ ಮೇಜಿನ ಮೇಲೆ ಇಡುತ್ತೇವೆ. ಒಂದು ದಿನದ ಸಂಬಳವೆಷ್ಟೆಂಬ ಲೆಕ್ಕವನ್ನು ಪ್ರತಿಯೊಬ್ಬರೂ ಮನೆಯಲ್ಲಿಯೇ ಹಾಕಿಕೊಂಡು ಬಂದರೆ ಸಭೆಯ ಹೊತ್ತು ಉಳಿಯುತ್ತದೆ.